ಮೂಗಿನ ಪಕ್ಕದ ಗಂಟು ಬೇಸಲ್ ಸೆಲ್ ಕಾರ್ಸಿನೋಮ ಎಂದು ವರದಿ ಬಂದಿದೆ: ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಅನುಭವ ಬೇಕು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಮೂಗಿನ ಎಡಬದಿಯಲ್ಲಿ, ಕನ್ನಡಕ ಕೂರುವ ಜಾಗಕ್ಕಿಂತ ತುಸು ಕೆಳಗೆ, ಮುತ್ತಿನಂತೆ ಹೊಳೆಯುವ ಸಣ್ಣ ಗಂಟೊಂದು ಬಹಳ ಕಾಲದಿಂದ ಇತ್ತು. ನೋವಿರಲಿಲ್ಲ. ಮುಖ ಒರೆಸಿದಾಗ ಆಗಾಗ ಟವೆಲ್ಲಿನ ಮೇಲೆ ಚುಕ್ಕೆಯಷ್ಟು ರಕ್ತ ಕಾಣುತ್ತಿತ್ತು. ಹಕ್ಕಳೆ ಕಟ್ಟುತ್ತಿತ್ತು, ಉದುರುತ್ತಿತ್ತು, ಅದೇ ಜಾಗದಲ್ಲಿ ಮತ್ತೆ ಕಟ್ಟುತ್ತಿತ್ತು. ಚರ್ಮರೋಗ ತಜ್ಞರು ಡರ್ಮಟೋಸ್ಕೋಪ್ (ಚರ್ಮವನ್ನು ಹಿಗ್ಗಿಸಿ ತೋರಿಸುವ ಉಪಕರಣ) ಇಟ್ಟು ನೋಡಿ, ಅಂದೇ ಬಯಾಪ್ಸಿಗೆ ಚೂರು ತೆಗೆದರು. ವರದಿಯಲ್ಲಿ ನಾಡ್ಯುಲರ್ ಬೇಸಲ್ ಸೆಲ್ ಕಾರ್ಸಿನೋಮ, ಅಂದರೆ ಗಂಟಿನ ರೂಪದ ಒಂದು ಬಗೆಯ ಚರ್ಮದ ಕ್ಯಾನ್ಸರ್ ಎಂದಿದೆ. ಗಡ್ಡೆಯನ್ನು ಪದರ ಪದರವಾಗಿ ತೆಗೆದು ಪರೀಕ್ಷಿಸುವ ಮೋಸ್ (Mohs) ಶಸ್ತ್ರಚಿಕಿತ್ಸೆ ಮಾಡಿಸುವುದು ಒಳ್ಳೆಯದೆಂದು ಸೂಚಿಸಿದ್ದಾರೆ.

ಕ್ಯಾನ್ಸರ್ ಎಂಬ ಪದ ಕೇಳಿದ ಮೇಲೆ ವೈದ್ಯರು ಹೇಳಿದ ಉಳಿದ ಯಾವ ಮಾತೂ ನನ್ನ ತಲೆಗೆ ಇಳಿಯಲಿಲ್ಲ. ಪೂರ್ತಿ ಎಚ್ಚರವಿರುವಾಗಲೇ ಮುಖವನ್ನು ಕೊಯ್ಯುತ್ತಾರೆಯೇ? ಗಾಯ ಎಷ್ಟು ದೊಡ್ಡದಾಗುತ್ತದೆ, ನಾಲ್ಕು ಜನರ ಎದುರು ನಿಂತು ಕೆಲಸ ಮಾಡಲು ಯಾವಾಗ ಸಾಧ್ಯವಾಗುತ್ತದೆ? ಇದನ್ನು ದಾಟಿ ಬಂದವರು ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ನನಗೂ ಇದೇ ರೋಗ, ಹೆಚ್ಚುಕಡಿಮೆ ಇದೇ ಜಾಗದಲ್ಲಿ ಬಂದಿತ್ತು. ಮೊದಲು ರೋಗದ ಬಗ್ಗೆ ಹೇಳುತ್ತೇನೆ. ಚರ್ಮದ ಕ್ಯಾನ್ಸರುಗಳಲ್ಲಿ ಬೇಸಲ್ ಸೆಲ್ ಎಂಬುದು ಅತಿ ಸಾಮಾನ್ಯವಾದುದು. ನಿಧಾನವಾಗಿ ಬೆಳೆಯುತ್ತದೆ, ದೇಹದ ಬೇರೆ ಅಂಗಗಳಿಗೆ ಹರಡುವುದು ತೀರಾ ಅಪರೂಪ. ಆದರೆ ಹಾಗೆಯೇ ಬಿಟ್ಟರೆ ಇದ್ದ ಜಾಗದಲ್ಲೇ ಆಳಕ್ಕಿಳಿದು ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯಬಲ್ಲದು. ‘ಇದು ಒಳ್ಳೆಯ ಕ್ಯಾನ್ಸರ್ ಬಿಡಿ’ ಎಂದು ಸಮಾಧಾನ ಹೇಳುವವರು ನಿಮಗೂ ಸಿಗುತ್ತಾರೆ. ಅವರ ಮೂಗನ್ನು ಯಾರೂ ಕೊಯ್ಯುತ್ತಿರುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ಸುಮ್ಮನೆ ನಕ್ಕುಬಿಡಿ.

ಹೌದು, ಎಚ್ಚರವಿರುತ್ತದೆ. ಆ ಜಾಗವನ್ನಷ್ಟೇ ಮರಗಟ್ಟಿಸುವ ಸೂಜಿಮದ್ದು ಕೊಡುತ್ತಾರೆ. ಮೂಗಿನ ಮೇಲೆ ಆ ಸೂಜಿ ಉರಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಇಡೀ ದಿನದಲ್ಲಿ ನಿಜವಾಗಿ ನೋವೆನಿಸಿದ್ದು ಅದೊಂದೇ. ಅನಂತರ ಕಣ್ಣಿಗೆ ಕಾಣುವ ಗಡ್ಡೆಯನ್ನು ಅದರ ಸುತ್ತಲಿನ ತೆಳುವಾದ ಅಂಚಿನೊಂದಿಗೆ ತೆಗೆದು, ಯಾವ ಬದಿ ಯಾವುದೆಂದು ತಿಳಿಯುವಂತೆ ಬಣ್ಣ ಹಚ್ಚಿ, ಹೆಪ್ಪುಗಟ್ಟಿಸಿ, ಸೀಳಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಯಾವ ಮೂಲೆಯಲ್ಲಿ ಕ್ಯಾನ್ಸರ್ ಕೋಶ ಉಳಿದಿದೆಯೋ ಆ ಮೂಲೆಯಿಂದ ಮಾತ್ರ ಇನ್ನೊಂದು ಪದರವನ್ನು ತೆಗೆಯುತ್ತಾರೆ. ಅಮೆರಿಕದ ಫ್ರೆಡ್ರಿಕ್ ಮೋಸ್ ಎಂಬ ವೈದ್ಯರು 1930ರ ದಶಕದಲ್ಲಿ ರೂಪಿಸಿದ ಈ ಕ್ರಮದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ: ಸಾಮಾನ್ಯ ಶಸ್ತ್ರಚಿಕಿತ್ಸೆಯ ನಂತರ ಅಂಚಿನ ಕೆಲವು ಸೀಳುಗಳನ್ನು ಮಾತ್ರ ಪರೀಕ್ಷಿಸಿದರೆ, ಇಲ್ಲಿ ತಳವನ್ನೂ ಸುತ್ತಲಿನ ಅಂಚನ್ನೂ ಪೂರ್ತಿಯಾಗಿ ನೋಡುತ್ತಾರೆ. ಚರ್ಮವನ್ನು ಅನಗತ್ಯವಾಗಿ ಕಳೆದುಕೊಳ್ಳಬಾರದ ಮೂಗು, ರೆಪ್ಪೆ, ತುಟಿ, ಕಿವಿಯಂಥ ಕಡೆ ಇದನ್ನು ಆರಿಸಿಕೊಳ್ಳುವುದೂ ಇದಕ್ಕಾಗಿಯೇ.

ಕೊಯ್ಯುವ ಹೊತ್ತು ಕಡಿಮೆ, ಕಾಯುವ ಹೊತ್ತು ಹೆಚ್ಚು. ಒಂದೊಂದು ಪದರದ ಪರೀಕ್ಷೆ ಮುಗಿಯುವವರೆಗೆ ಮುಖಕ್ಕೆ ಬಿಗಿಯಾದ ಪಟ್ಟಿ ಕಟ್ಟಿ ಹೊರಗೆ ಕೂರಿಸುತ್ತಾರೆ. ಓದಲು ಏನಾದರೂ ಒಯ್ಯಿರಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಮೊದಲೇ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಗಂಟು ಚಿಕ್ಕದಾಗಿ ಕಂಡರೂ ಗುಂಡಿ ಅದಕ್ಕಿಂತ ದೊಡ್ಡದಾಗಬಹುದು. ಇದಕ್ಕೆ ಮನಸ್ಸನ್ನು ಸಿದ್ಧ ಮಾಡಿಕೊಂಡಿರಿ. ನನಗೆ ಕೆನ್ನೆಯ ಕಡೆಯ ಚರ್ಮವನ್ನೇ ಸರಿಸಿ ತಂದು ಮುಚ್ಚಿದರು. ಎರಡನೆಯ, ಮೂರನೆಯ ದಿನಕ್ಕೆ ಊತ ಏರಿ ಒಂದು ಕಣ್ಣು ಅರ್ಧ ಮುಚ್ಚಿಕೊಂಡಿತು, ಕಣ್ಣಿನ ಕೆಳಗೆ ನೇರಳೆ ಬಣ್ಣ ಇಳಿಯಿತು. ಕನ್ನಡಿಯ ಮುಂದೆ ನಿಂತಾಗ ಹೆದರಿಕೆಯಾಯಿತು, ಆದರೆ ಅದು ಸಹಜವೇ ಆಗಿತ್ತು. ದಿಂಬು ಎತ್ತರಿಸಿ ಮಲಗುವುದು, ಬಗ್ಗಿ ಭಾರ ಎತ್ತದಿರುವುದು, ಗಾಯವನ್ನು ಒಣಗಲು ಬಿಡದೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಮುಚ್ಚಿಡುವುದು ಇವಿಷ್ಟನ್ನು ತಪ್ಪಿಸಬೇಡಿ. ಗಾಯಕ್ಕೆ ಗಾಳಿಯಾಡಬೇಕು, ಹಕ್ಕಳೆ ಕಟ್ಟಬೇಕು ಎನ್ನುವ ಹಳೆಯ ಮಾತು ಇಲ್ಲಿ ನಡೆಯುವುದಿಲ್ಲ. ರಕ್ತ ಜಿನುಗಿದರೆ ಶುಭ್ರವಾದ ಬಟ್ಟೆಯಿಂದ ಇಪ್ಪತ್ತು ನಿಮಿಷ ಒಂದೇ ಸಮನೆ ಒತ್ತಿಹಿಡಿಯಿರಿ, ನಡುವೆ ಎತ್ತಿ ನೋಡಬೇಡಿ. ಅಷ್ಟಕ್ಕೂ ನಿಲ್ಲದಿದ್ದರೆ, ಜ್ವರ ಅಥವಾ ಕೀವು ಕಾಣಿಸಿದರೆ, ಇಳಿಯಬೇಕಾದ ನೋವು ಏರತೊಡಗಿದರೆ ಆಸ್ಪತ್ರೆಗೆ ಹೋಗಿ.

ಮುಖದ ಹೊಲಿಗೆಯನ್ನು ಸಾಮಾನ್ಯವಾಗಿ ಐದರಿಂದ ಏಳು ದಿನಗಳಲ್ಲಿ ಬಿಚ್ಚುತ್ತಾರೆ. ಜನರ ಎದುರು ನಿಲ್ಲಲು ನನಗೆ ಅದಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಅದು ಗಾಯದ ಕಾರಣಕ್ಕಲ್ಲ, ನನ್ನ ಸಂಕೋಚದ ಕಾರಣಕ್ಕೆ. ಸರಿಸಿ ಕೂರಿಸಿದ ಚರ್ಮ ಕೆಲವು ತಿಂಗಳು ಉಬ್ಬಿಕೊಂಡಿತ್ತು, ಮೂಗಿನ ತುದಿಗೆ ಜೋಮು ಹಿಡಿದಿತ್ತು, ನರಗಳು ಮತ್ತೆ ಚಿಗುರುವಾಗ ಇರುವೆ ಹರಿದಂತಾಗುತ್ತಿತ್ತು. ಕಲೆ ಮಾಗಲು ಒಂದು ವರ್ಷವಾದರೂ ಬೇಕು. ಮೂರನೆಯ ವಾರದ ಮುಖವನ್ನು ನೋಡಿ ತೀರ್ಮಾನಕ್ಕೆ ಬರಬೇಡಿ.

ಎರಡನೆಯ ಉತ್ತರ

ನನ್ನದು ಬೇರೆ ಜಾತಿಯ ಕ್ಯಾನ್ಸರ್. ಆದರೂ ಈ ಚರ್ಚೆಯನ್ನು ಓದುವವರು ಚರ್ಮದ ಕ್ಯಾನ್ಸರೆಲ್ಲ ಒಂದೇ ಎಂದುಕೊಳ್ಳಬಾರದೆಂದು ಬರೆಯುತ್ತಿದ್ದೇನೆ. ನನಗೆ ಹಿಮ್ಮಡಿಯಲ್ಲಿ ಮೆಲನೋಮ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್ ಆಗಿತ್ತು. ಬಣ್ಣ ಒಂದೇ ಸಮ ಇರದ, ಅಂಚು ಹರಡಿಕೊಂಡಿದ್ದ ಕಪ್ಪು ಕಲೆಯದು. ಅಂಗೈ, ಅಂಗಾಲು, ಉಗುರಿನ ಅಡಿ, ಹೀಗೆ ಬಿಸಿಲು ಅಷ್ಟಾಗಿ ತಾಕದ ಕಡೆಯೂ ಇದು ಬರುತ್ತದೆ; ಕಪ್ಪು ಚರ್ಮದವರಲ್ಲಿ ಮೆಲನೋಮ ಬಂದಾಗ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಲ್ಲಿಯೇ. ಗಾಯಕ ಬಾಬ್ ಮಾರ್ಲಿ 1981ರಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನಡಿ ಶುರುವಾದ ಇಂಥದೇ ಮೆಲನೋಮದಿಂದ.

ಮೆಲನೋಮದ ವರದಿಯಲ್ಲಿ ಮೊದಲು ನೋಡಬೇಕಾದದ್ದು ಬ್ರೆಸ್ಲೋ ದಪ್ಪ, ಅಂದರೆ ಗಡ್ಡೆ ಚರ್ಮದೊಳಗೆ ಎಷ್ಟು ಮಿಲಿಮೀಟರ್ ಇಳಿದಿದೆ ಎಂಬ ಅಳತೆ. ಎಷ್ಟು ಅಗಲ ಕತ್ತರಿಸಬೇಕು, ಹತ್ತಿರದ ದುಗ್ಧರಸ ಗ್ರಂಥಿಯನ್ನು (ಲಿಂಫ್ ನೋಡ್) ಪರೀಕ್ಷಿಸಬೇಕೇ ಎಂಬುದನ್ನು ಬಹುಮಟ್ಟಿಗೆ ಅದೇ ನಿರ್ಧರಿಸುತ್ತದೆ. ಒಂದು ಮಿಲಿಮೀಟರಿನವರೆಗಿನ ಗಡ್ಡೆಗೆ ಸುತ್ತಲೂ ಒಂದು ಸೆಂಟಿಮೀಟರ್, ಎರಡು ಮಿಲಿಮೀಟರಿಗಿಂತ ದಪ್ಪವಾದುದಕ್ಕೆ ಎರಡು ಸೆಂಟಿಮೀಟರ್ ಒಳ್ಳೆಯ ಚರ್ಮವನ್ನೂ ತೆಗೆಯುವುದು ವಾಡಿಕೆ. ನನಗೆ ತೊಡೆಸಂದಿಯ ಒಂದು ಗ್ರಂಥಿಯನ್ನೂ ತೆಗೆದು ನೋಡಿದರು. ಅದರಲ್ಲಿ ರೋಗವಿರಲಿಲ್ಲ.

ಹಿಮ್ಮಡಿಗೆ ತೊಡೆಯ ಚರ್ಮವನ್ನು ಕಸಿ ಮಾಡಿದರು. ಯಾರೂ ಮುಂಚಿತವಾಗಿ ಹೇಳದ ಸಂಗತಿಯೊಂದಿದೆ: ಕಸಿ ಮಾಡಿದ ಜಾಗಕ್ಕಿಂತ ಚರ್ಮ ಹೆರೆದು ತೆಗೆದ ತೊಡೆಯೇ ಹೆಚ್ಚು ಉರಿಯುತ್ತದೆ. ಕಸಿಯ ಮೇಲೆ ಹತ್ತಿಯ ಉಂಡೆಯನ್ನಿಟ್ಟು ದಾರದಿಂದ ಬಿಗಿದು ಕಟ್ಟಿದ್ದರು. ಅದನ್ನು ಬಿಚ್ಚುವವರೆಗೆ, ಬಿಚ್ಚಿದ ಮೇಲೂ ಬಹಳ ದಿನ, ಆ ಕಾಲನ್ನು ಊರುವಂತಿರಲಿಲ್ಲ. ಧೂಮಪಾನ ಮಾಡುವವರಿದ್ದರೆ ಶಸ್ತ್ರಚಿಕಿತ್ಸೆಗೆ ಮೊದಲೇ ನಿಲ್ಲಿಸಿ, ಏಕೆಂದರೆ ಅದು ರಕ್ತನಾಳಗಳನ್ನು ಸಂಕುಚಿತಗೊಳಿಸುವುದರಿಂದ ಕಸಿ ಹಿಡಿಯದೆ ಹೋಗುವ ಸಂಭವ ಹೆಚ್ಚುತ್ತದೆ.

ಮೂರನೆಯ ಉತ್ತರ

ಮೇಲಿನ ಉತ್ತರಗಳಿಗೆ ಸಣ್ಣ ಸೇರ್ಪಡೆ. ಮೋಸ್ ಶಸ್ತ್ರಚಿಕಿತ್ಸೆಯ ಸೌಲಭ್ಯ ಎಲ್ಲ ಕಡೆ ಇರುವುದಿಲ್ಲ, ಎಲ್ಲರಿಗೂ ಅದು ಬೇಕಾಗುವುದೂ ಇಲ್ಲ. ನನ್ನ ತಂದೆಯವರ ಬೆನ್ನಿನ ಮೇಲಿದ್ದ ಚಿಕ್ಕ ಬೇಸಲ್ ಸೆಲ್ ಗಡ್ಡೆಯನ್ನು ಸಾಮಾನ್ಯ ರೀತಿಯಲ್ಲೇ ತೆಗೆದು ಹೊಲಿಗೆ ಹಾಕಿದರು. ಶಸ್ತ್ರಚಿಕಿತ್ಸೆಯನ್ನು ತಾಳಲಾರದ ವಯೋವೃದ್ಧರಿಗೆ ವಿಕಿರಣ ಚಿಕಿತ್ಸೆಯೂ ಇದೆ. ಪ್ರಶ್ನೆ ಕೇಳಿದವರು ಬಯಾಪ್ಸಿ ವರದಿಯ ಪ್ರತಿಯನ್ನು ಪಡೆದು ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ಯಾವ ವೈದ್ಯರ ಬಳಿ ಹೋದರೂ ಮೊದಲು ಅದನ್ನೇ ಕೇಳುತ್ತಾರೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಶಸ್ತ್ರಚಿಕಿತ್ಸೆ ಮುಗಿದಿದೆ. ಮೊದಲ ಪದರದ ಒಂದು ಅಂಚಿನಲ್ಲಿ ರೋಗ ಉಳಿದಿತ್ತು, ಎರಡನೆಯದಕ್ಕೆ ಸ್ವಚ್ಛವಾಯಿತು. ಊತದ ವಿಷಯ ಮೊದಲೇ ಗೊತ್ತಿದ್ದರಿಂದ ಮನೆಯವರು ಗಾಬರಿಯಾದರೂ ನಾನು ಆಗಲಿಲ್ಲ. ಹೊಲಿಗೆ ಬಿಚ್ಚಿದ ಮೇಲೆ ಈಗ ಕನ್ನಡಕದ ಭಾರವೇ ತೊಂದರೆ ಕೊಡುತ್ತಿದೆ. ಅದರ ಮೆತ್ತೆ ಸರಿಯಾಗಿ ಕಲೆಯ ಮೇಲೆಯೇ ಒತ್ತುತ್ತದೆ. ಒಮ್ಮೆ ಬಂದವರಿಗೆ ಬೇರೆಡೆ ಇನ್ನೊಂದು ಹುಟ್ಟುವ ಸಂಭವ ಉಳಿದವರಿಗಿಂತ ಹೆಚ್ಚಾದ್ದರಿಂದ, ಮುಂದಿನ ಭೇಟಿಯಲ್ಲಿ ನೆತ್ತಿಯಿಂದ ಅಂಗಾಲಿನವರೆಗೆ ಇಡೀ ಚರ್ಮವನ್ನು ಪರೀಕ್ಷಿಸುವುದಾಗಿ ವೈದ್ಯರು ಹೇಳಿದ್ದಾರೆ. ಮೂಗಿನ ಮೇಲೆ ಗಾಯವಾದವರು ಕನ್ನಡಕವನ್ನು ಹೇಗೆ ನಿಭಾಯಿಸಿದಿರಿ?

ಮೊದಲ ಉತ್ತರ ಬರೆದವರಿಂದ

ಹಣೆಗೆ ಕಾಗದದ ಪಟ್ಟಿ ಅಂಟಿಸಿ, ಕನ್ನಡಕದ ಸೇತುವೆಯನ್ನು ಅದಕ್ಕೆ ತೂಗುಹಾಕಿ, ಮೂಗಿನ ಮೇಲೆ ಭಾರ ಬೀಳದ ಹಾಗೆ ಮಾಡಿಕೊಂಡಿದ್ದೆ. ನೋಡುವವರಿಗೆ ವಿಚಿತ್ರವಾಗಿ ಕಾಣುತ್ತದೆ, ಆದರೆ ಕೆಲಸ ಮಾಡುತ್ತದೆ.