ಅಪ್‌ಡೇಟ್: ಚಿನ್ನದ ಅಂಚಿನ ಜರ್ಮನ್ ಕಾಫಿ ಸೆಟ್

ನ್ಯೂರೆಂಬರ್ಗ್‌ನ ಹಳೆಯ ವಸ್ತುಗಳ ಸಂತೆಯಲ್ಲಿ ಕೊಂಡ ರೊಸೆಂಥಾಲ್ ಪಿಂಗಾಣಿ ಕಾಫಿ ಸೆಟ್ ಯಾವ ಕಾಲದ್ದು, ಸವೆದ ಅಂಚಿಗೆ ಮತ್ತೆ ಚಿನ್ನ ಹಾಕಿಸಬಹುದೇ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.

ನೀವು ಹೇಳಿದಂತೆ ಭೂತಗನ್ನಡಿಯಲ್ಲಿ ನೋಡಿದಾಗ, ತಟ್ಟೆಗಳ ತಳದ ಮುದ್ರೆಯ ಕೆಳಗೆ ‘ಜರ್ಮನಿ, ಯು.ಎಸ್. ಝೋನ್’ ಎಂಬ ಸಣ್ಣಕ್ಷರಗಳು ಕಂಡವು. ಅದು ರೊಸೆಂಥಾಲ್ ಕಾರ್ಖಾನೆಯಿರುವ ಬವೇರಿಯಾ ರಾಜ್ಯ ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸೇನಾ ಆಡಳಿತದಲ್ಲಿದ್ದ ಕಾಲದ ಗುರುತಾದ್ದರಿಂದ, ಸೆಟ್ 1945ರಿಂದ 1949ರ ಆಸುಪಾಸಿನದು. ಯುದ್ಧದಲ್ಲಿ ನಲುಗಿದ ನಾಡು ಇಷ್ಟು ನಯವಾದ ಕೆಲಸಕ್ಕೆ ಮತ್ತೆ ಕೈಹಾಕಿದ್ದು ನನಗೆ ನಿಜಕ್ಕೂ ದೊಡ್ಡ ಸಂಗತಿ.

ಪಿಂಗಾಣಿ ಸುಡುವ ಗೂಡಿನಿಂದಲೇ ಥಳಥಳಿಸುತ್ತ ಹೊರಬರುವ ತೆಳುವಾದ ಚಿನ್ನ ಒಂದು ಬಗೆಯಾದರೆ, ಮಂಕಾಗಿ ಹೊರಬಂದು ಅಗೇಟ್ ಕಲ್ಲಿನಿಂದಲೋ ನುಣ್ಣನೆಯ ಮರಳಿನಿಂದಲೋ ಉಜ್ಜಿಸಿಕೊಂಡು ಹೊಳಪು ಪಡೆಯುವ ದಪ್ಪ ಚಿನ್ನ ಇನ್ನೊಂದು. ನನ್ನ ಸೆಟ್‌ನದು ಎರಡನೆಯದು. ಕಪ್‌ಗಳ ಹಿಡಿಯಲ್ಲಿ ಬೆರಳು ತಾಗುವ ಒಳಬದಿ ಮಾತ್ರ ಸವೆದು ಬಿಳಿ ಪಿಂಗಾಣಿ ಇಣುಕುತ್ತಿದೆ. ಮತ್ತೆ ಚಿನ್ನ ಹಾಕಿಸಬೇಕಾದರೆ ಇಡೀ ಕಪ್ಪನ್ನು ಗೂಡಿನಲ್ಲಿ ಸುಡಬೇಕಾಗುತ್ತದೆ, ಬಳಸಿದ ಹಳೆಯ ಪಿಂಗಾಣಿಯಲ್ಲಿ ಆಗ ಕಪ್ಪು ಚುಕ್ಕೆಗಳು ಏಳುವ ಅಪಾಯವಿರುವುದರಿಂದ, ಹಾಗೆಯೇ ಉಳಿಸಿಕೊಳ್ಳುತ್ತಿದ್ದೇನೆ. ಮೈಕ್ರೋವೇವ್, ಡಿಶ್‌ವಾಷರ್ ಎರಡನ್ನೂ ದೂರವಿಟ್ಟು ಉಗುರುಬೆಚ್ಚಗಿನ ನೀರಿನಲ್ಲಿ ಕೈಯಿಂದಲೇ ತೊಳೆಯುತ್ತೇನೆ. ಈಗ ಸೆಟ್‌ನಲ್ಲಿ ಇಲ್ಲದ ಹಾಲಿನ ಜಗ್ಗನ್ನು ಹುಡುಕುತ್ತಿದ್ದೇನೆ.