ವಿಮಾನ ಹತ್ತದೆ ಫಾರಿನ್ ಡಿಗ್ರಿ: ಓದಿದವರು ಸ್ವಲ್ಪ ಹೇಳಿ

ದಾವಣಗೆರೆಯಿಂದ ಪ್ರಶ್ನೆ:
ನನಗೆ 27. ಬಿಇ ಮುಗಿಸಿ ಐದು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಈಗ ಮನೆಯಿಂದಲೇ. ಅಮೆರಿಕದ ಆನ್‌ಲೈನ್ ಎಂಎಸ್ ಒಂದಕ್ಕೆ ಅರ್ಜಿ ಹಾಕೋಣ ಅಂತಿದ್ದೇನೆ. "ವಿಮಾನ ಹತ್ತದೆ ಅದೆಂಥ ಫಾರಿನ್ ಡಿಗ್ರಿ ಮಗಳೇ?" ಎಂದು ಅಪ್ಪ ಕೇಳಿದರು. ಉತ್ತರ ಹೊಳೆಯಲಿಲ್ಲ. ಓದಿದವರಿದ್ದರೆ ಹೇಳಿ. ದುಡ್ಡಿಗೆ ತಕ್ಕ ಹಾಗಿದೆಯಾ? ಇಲ್ಲಿ ನಡೆಯುತ್ತದಾ?

ಬೆಂಗಳೂರಿನಿಂದ:
ನಾನು ಅಮೆರಿಕದ ಅಟ್ಲಾಂಟಾದಲ್ಲಿರುವ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಆನ್‌ಲೈನ್ ಕಂಪ್ಯೂಟರ್ ಸೈನ್ಸ್ ಎಂಎಸ್ ಮುಗಿಸಿದ್ದೇನೆ. ಕೆಲಸದ ಜೊತೆ ಮೂರೂವರೆ ವರ್ಷ ಹಿಡಿಯಿತು. 2014ರ ಜನವರಿಯಲ್ಲಿ ಪಾಠ ಶುರುವಾದ ಕೋರ್ಸ್ ಇದು. ಶುಲ್ಕ ಒಟ್ಟು ಸುಮಾರು 7,000 ಡಾಲರ್ ಎಂದು ಆಗ ಹೇಳಿದ್ದೇ ದೊಡ್ಡ ಸುದ್ದಿ. ಅಟ್ಲಾಂಟಾಗೆ ಹೋಗಿ ಓದಿದರೆ ಅದರ ಎಷ್ಟೋ ಪಟ್ಟು. ಪ್ರಮಾಣಪತ್ರದಲ್ಲಿ 'ಆನ್‌ಲೈನ್' ಎಂಬ ಪದವೇ ಇಲ್ಲ.

ಒಳಗೆ ಸೇರುವುದು ಅಷ್ಟು ಕಷ್ಟವಲ್ಲ, ಹತ್ತು ಕೋರ್ಸ್ ದಾಟುವುದೇ ಕಷ್ಟ. ಅಸೈನ್‌ಮೆಂಟ್ ಕೊಡಲು ಭೂಮಿಯ ಮೇಲೆ ಎಲ್ಲಾದರೂ ಭಾನುವಾರ ಮುಗಿಯದೆ ಉಳಿದಿರುವವರೆಗೂ ಸಮಯ ಇರುತ್ತದೆ. ಅಂದರೆ ನಮಗೆ ಸೋಮವಾರ ಸಂಜೆ ಐದೂವರೆ. ಕೇಳಲು ಚೆನ್ನಾಗಿದೆ, ಆದರೆ ನಾನು ಎಷ್ಟೋ ಸೋಮವಾರ ಆಫೀಸ್ ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ಕೋಡ್ ಕಳಿಸಿದ್ದೇನೆ. ಪರೀಕ್ಷೆಗೆ ಮಾತ್ರ ಕ್ಯಾಮೆರಾ ಆನ್ ಇರಬೇಕು, ಕೋಣೆಯನ್ನೂ ಸುತ್ತ ತೋರಿಸಬೇಕು. ಒಮ್ಮೆ ಅಮ್ಮ ಕಾಫಿ ಹಿಡಿದು ಒಳಗೆ ಬಂದರು. ಅವರು ಯಾರು ಎಂದು ಆಮೇಲೆ ನಾನು ವಿವರಣೆ ಬರೆದು ಕಳಿಸಬೇಕಾಯಿತು!

ಸಾವಿರಾರು ಜನಕ್ಕೆ ಪಾಠ ಮಾಡುವಾಗ ಪ್ರೊಫೆಸರ್ ಕೈಗೆ ಸಿಗುವುದಿಲ್ಲ. 2016ರಲ್ಲಿ ಅಶೋಕ್ ಗೋಯಲ್ ಅವರ ತರಗತಿಯಲ್ಲಿ ಜಿಲ್ ವಾಟ್ಸನ್ ಎಂಬ ಸಹಾಯಕಿ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದಳು. ಅದು ಮನುಷ್ಯಳಲ್ಲ, ಸಾಫ್ಟ್‌ವೇರ್ ಎಂದು ಹುಡುಗರಿಗೆ ಗೊತ್ತಾಗಿದ್ದು ಟರ್ಮ್ ಮುಗಿಯುವಾಗ. ನನಗೆ ನಿಜವಾಗಿ ಕಲಿಸಿದ್ದು ಜೊತೆಗೆ ಓದಿದವರು. ಪೋಲೆಂಡಿನ ಒಬ್ಬ ಹುಡುಗನನ್ನು ಇವತ್ತಿಗೂ ಮುಖತಃ ನೋಡಿಲ್ಲ, ಈಗಿನ ಕೆಲಸ ಕೊಡಿಸಿದ್ದು ಅವನೇ.

ಅಪ್ಪನಿಗೆ ಒಂದು ಮಾತು ಮೊದಲೇ ಹೇಳಿಬಿಡಿ. ಇದರಿಂದ ವೀಸಾ ಸಿಗುವುದಿಲ್ಲ. ಅಲ್ಲಿಗೆ ಹೋಗಿ ಓದಿದವರಿಗೆ ಓಪಿಟಿ ಅಂತ ಓದಿದ ಮೇಲೆ ಅಲ್ಲೇ ಸ್ವಲ್ಪ ಕಾಲ ಕೆಲಸ ಮಾಡಲು ಅವಕಾಶ ಇರುತ್ತದೆ, ನಮಗಿಲ್ಲ. ಅಮೆರಿಕಕ್ಕೆ ಹೋಗುವುದೇ ಗುರಿಯಾದರೆ ಈ ದಾರಿ ಬೇಡ.

ಶಿವಮೊಗ್ಗದಿಂದ:
ಸರ್ಕಾರಿ ಕೆಲಸದ ಆಸೆ ಇದೆಯಾ? ಇದ್ದರೆ ದುಡ್ಡು ಕಟ್ಟುವ ಮೊದಲೇ ನಿಲ್ಲಿ. ನಾನು ಯುರೋಪಿನ ಒಂದು ಎಂಬಿಎಗೆ ಇಲ್ಲಿನ ಆ್ಯಪ್ ಕಂಪನಿಯೊಂದರ ಮೂಲಕ ಸೇರಿದೆ. "ಎಲ್ಲಾ ಕಡೆ ನಡೆಯುತ್ತೆ ಮೇಡಂ" ಎಂದು ಫೋನಿನಲ್ಲಿ ಹತ್ತು ಸಲ ಹೇಳಿದ್ದರು. ಉಪನ್ಯಾಸಕಿ ಹುದ್ದೆಗೆ ಅರ್ಜಿ ಹಾಕಿದಾಗ ಸಮಾನತೆ ಪತ್ರ, ಅಂದರೆ ಆ ಪದವಿ ಇಲ್ಲಿನ ಪದವಿಗೆ ಸಮ ಎಂಬ ಪತ್ರ ಕೇಳಿದರು. ಆನ್‌ಲೈನ್‌ನಲ್ಲಿ ಓದಿದ ವಿದೇಶಿ ಪದವಿಗೆ ಅದು ಸಿಗುವುದು ತುಂಬಾ ಕಷ್ಟ. ಇಂಥ ಕಂಪನಿಗಳು ದೇಶದ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿಯ ಒಪ್ಪಿಗೆ ಇಲ್ಲದೆ ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ಕೊಡುವ ಪದವಿಗೆ ಮಾನ್ಯತೆ ಇಲ್ಲ ಎಂದು ಯುಜಿಸಿ 2023ರ ಡಿಸೆಂಬರ್‌ನಲ್ಲಿ ಎಚ್ಚರಿಸಿತು. ಅಷ್ಟರಲ್ಲಿ ನನ್ನ ಎರಡನೇ ಕಂತೂ ಹೋಗಿತ್ತು. ಏನೇ ಕೇಳುವುದಿದ್ದರೂ ಬರಹದಲ್ಲಿ ಕೇಳಿ.

ಇಂಗ್ಲೆಂಡಿನಿಂದ:
ನಾನು ಇಲ್ಲಿ ಪಾಠ ಮಾಡುವ ಕಡೆಯವನು. ದೂರದಿಂದ ಓದಿಸುವುದು ಇಲ್ಲಿ ಹೊಸದೇನಲ್ಲ. ಲಂಡನ್ ವಿಶ್ವವಿದ್ಯಾಲಯ 1858ರಿಂದಲೂ ಹೊರಗಿನವರಿಗೆ ಪರೀಕ್ಷೆ ನಡೆಸಿ ಪದವಿ ಕೊಡುತ್ತಾ ಬಂದಿದೆ. ಆದರೆ ನಾನು ಕೆಲಸಕ್ಕೆ ಸೇರಿದಾಗ 'ವಿದೇಶಿ ವಿದ್ಯಾರ್ಥಿ' ಎಂದರೆ ಸೆಪ್ಟೆಂಬರ್‌ನಲ್ಲಿ ಸೂಟ್‌ಕೇಸ್ ಎಳೆದುಕೊಂಡು ಬರುವವರು. ಶುಲ್ಕ, ಹಾಸ್ಟೆಲ್ ಬಾಡಿಗೆ, ಊರಿನ ಅಂಗಡಿಗಳ ವ್ಯಾಪಾರ ಎಲ್ಲಾ ಅವರ ಮೇಲೇ ನಿಂತಿತ್ತು. ಈಗ ನನ್ನ ಒಂದೇ ಆನ್‌ಲೈನ್ ತರಗತಿಯಲ್ಲಿ ನೈಜೀರಿಯಾದ ಲಾಗೋಸ್, ಢಾಕಾ, ಬೆಳಗಾವಿ ಮೂರೂ ಇವೆ. ಒಬ್ಬರಿಗೂ ವೀಸಾ ಬೇಕಿಲ್ಲ.

ನನ್ನ ತಕರಾರು ಬೇರೆ. ಕೂತವರು ಹತ್ತು ದೇಶದವರು, ಪಾಠದ ಉದಾಹರಣೆ ಮಾತ್ರ ಇಲ್ಲಿನ ಸೂಪರ್‌ಮಾರ್ಕೆಟ್‌ನದ್ದೇ. ಒಂದು ಸಲ ಸ್ಲೈಡ್ ಪಕ್ಕಕ್ಕಿಟ್ಟು, ನಿಮ್ಮೂರಿನ ಅಂಗಡಿಯಲ್ಲಿ ಸಾಲ ಹೇಗೆ ನಡೆಯುತ್ತದೆ ಎಂದು ಕೇಳಿದೆ. ಬೆಳಗಾವಿಯ ಹುಡುಗಿ ಉದ್ರಿ ಪುಸ್ತಕದ ಬಗ್ಗೆ ಹೇಳಿದಳು. ಲಾಗೋಸ್‌ನವನು "ನಮ್ಮಲ್ಲೂ ಹಾಗೇ" ಎಂದ. ಆ ಒಂದು ಗಂಟೆಯಲ್ಲಿ ನಾನೇ ಜಾಸ್ತಿ ಕಲಿತೆ. ಸೇರುವ ಮೊದಲು ವಾರಕ್ಕೆ ಎಷ್ಟು ನೇರ ತರಗತಿ ಇದೆ, ಅದು ನಿಮ್ಮಲ್ಲಿ ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳಿ ನೋಡಿ. ಬರೀ ರೆಕಾರ್ಡಿಂಗ್ ಆದರೆ ಸುಮ್ನೆ ವಿಡಿಯೊ ನೋಡಿದ ಹಾಗೆ, ಅಲ್ವಾ?

ದುಬೈನಿಂದ:
ನಮ್ಮ ಮನೆಯಲ್ಲಿ ಇದರ ಉಲ್ಟಾ. ನಾವು ಇರುವುದು ಇಲ್ಲಿ, ಮಗ ಓದುತ್ತಿರುವುದು ಐಐಟಿ ಮದ್ರಾಸ್‌ನಲ್ಲಿ. 2020ರಲ್ಲಿ ಶುರುವಾದ ಡೇಟಾ ಸೈನ್ಸ್ ಆನ್‌ಲೈನ್ ಪದವಿ. ಜೆಇಇ ಬೇಕಿರಲಿಲ್ಲ, ಒಂದು ತಿಂಗಳು ಪಾಠ ಮಾಡಿ ಅದರ ಮೇಲೇ ಅರ್ಹತಾ ಪರೀಕ್ಷೆ ಇಟ್ಟರು. ಪರೀಕ್ಷೆ ಮಾತ್ರ ಕೇಂದ್ರಕ್ಕೇ ಹೋಗಿ ಬರೆಯಬೇಕು. ಮಧ್ಯದಲ್ಲಿ ಬಿಟ್ಟರೂ ಡಿಪ್ಲೊಮಾ ಕೈಗೆ ಬರುತ್ತದೆ. ಫಾರಿನ್ನೇ ಆಗಬೇಕು ಅಂತಿಲ್ಲದಿದ್ದರೆ ನಮ್ಮ ದೇಶದ್ದನ್ನೂ ನೋಡಮ್ಮ.

ದಾವಣಗೆರೆಯಿಂದ ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಸರ್ಕಾರಿ ಕೆಲಸ ಬೇಡ, ಅಮೆರಿಕವೂ ಬೇಡ, ಟೆಸ್ಟಿಂಗ್ ಬಿಟ್ಟು ಹೊರಬಂದರೆ ಸಾಕು. ಅರ್ಜಿ ಹಾಕುತ್ತೇನೆ. ಮೂರು ಶಿಫಾರಸು ಪತ್ರ ಕೇಳಿದ್ದಾರೆ. ಕಾಲೇಜಿನ ಮೇಷ್ಟ್ರು ನಿವೃತ್ತರಾಗಿದ್ದಾರೆ. ಮ್ಯಾನೇಜರ್ ಬರೆದರೆ ನಡೆಯುತ್ತದಾ?

ಬೆಂಗಳೂರಿನಿಂದ:
ನನಗೆ ನಡೆಯಿತು. ಮೂರರಲ್ಲಿ ಎರಡು ಆಫೀಸಿನವೇ. ಆದರೆ ಮ್ಯಾನೇಜರ್‌ಗೆ ಕೊನೆಯ ದಿನಾಂಕ ಒಂದು ವಾರ ಮುಂಚಿನದ್ದು ಹೇಳಿ.