ಒಣಗಿದ ಓಕ್ ಮರ ಬಿಟ್ಟು ಎಳೆ ಮರ ಕಡಿಯೋದು ಯಾಕೆ?

ಕಾಡುಹಾದಿ:
ಇಂಗ್ಲೆಂಡಿನ ಶೆರ್ವುಡ್ ಕಾಡಿಗೆ ಹೋಗಿದ್ದೆ. ಸಾವಿರದಷ್ಟು ಮುದಿ ಓಕ್ ಮರಗಳಿರುವ ರಕ್ಷಿತ ಕಾಡು. ಎಷ್ಟೋ ಮರಗಳ ತಲೆ ಒಣಗಿ ಜಿಂಕೆ ಕೊಂಬಿನ ಹಾಗೆ ಕಾಣುತ್ತೆ, ಒಳಗೆ ಪೂರ್ತಿ ಪೊಟರೆ, ಬಿದ್ದ ಕೊಂಬೆಗಳು ಬಿದ್ದಲ್ಲೇ ಕೊಳೀತಾ ಇವೆ, ಯಾರೂ ಎತ್ತಿಲ್ಲ. ಆದರೆ ಒಂದು ದೊಡ್ಡ ಓಕ್ ಸುತ್ತ ಚೆನ್ನಾಗಿ ಬೆಳೆದಿದ್ದ ಬರ್ಚ್ ಮರಗಳನ್ನು ಕಡಿದಿದ್ದರು. ಬೇಸರ ಆಯಿತು. ರಕ್ಷಿತ ಕಾಡಲ್ಲಿ ಹೀಗೆ ಮಾಡಬಹುದಾ?

ಮರಕುಟಿಗ:
ಆ ಓಕ್ ಉಳಿಯಲಿ ಅಂತಲೇ ಕಡಿದಿರೋದು. ಓಕ್‌ಗೆ ಬಿಸಿಲು ಬೇಕೇ ಬೇಕು. ಬರ್ಚ್ ಸರಸರನೆ ಬೆಳೆದು ಮೇಲೆ ಹೋಗಿ ನೆರಳು ಹಾಕಿದರೆ ಮುದಿ ಮರದ ಕೆಳಗಿನ ಕೊಂಬೆಗಳು ಒಂದೊಂದೇ ಸಾಯುತ್ತವೆ, ಆ ವಯಸ್ಸಲ್ಲಿ ಮತ್ತೆ ಎತ್ತರಕ್ಕೆ ಬೆಳೆಯೋ ಶಕ್ತಿ ಅದಕ್ಕಿರಲ್ಲ. ಒಂದೇ ಸಲ ಎಲ್ಲ ತೆಗೆಯಬಾರದು ಅಷ್ಟೇ. ನೆರಳಲ್ಲಿದ್ದ ತೊಗಟೆಗೆ ದಿಢೀರ್ ಬಿಸಿಲು ಬಿದ್ದರೆ ಸುಡುತ್ತೆ, ಹಾಗಾಗಿ ವರ್ಷಾನುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡಿಸುತ್ತಾರೆ.

ಕಲ್ಲುಹೂವು:
ತಲೆ ಒಣಗಿದ್ದು ನೋಡಿ ಮರ ಸತ್ತಿದೆ ಅಂದುಕೊಳ್ಳಬೇಡಿ. ವಯಸ್ಸಾದಂತೆ ಓಕ್ ತನ್ನ ಹರವನ್ನು ತಾನೇ ಕುಗ್ಗಿಸಿಕೊಂಡು ಕೆಳಗೆ ಹೊಸ ಚಿಗುರು ಬಿಡುತ್ತೆ, ಹಾಗೇ ನೂರಾರು ವರ್ಷ ಬದುಕುತ್ತೆ. ಪೊಟರೆಯೂ ರೋಗ ಅಲ್ಲ. ಒಳಗಿನ ಚೇಗು ಹೇಗೂ ಜೀವ ಇಲ್ಲದ ಭಾಗ, ನೀರು ಸಾಗೋದು ಹೊರಗಿನ ಪದರದಲ್ಲಿ. ಬೀಫ್‌ಸ್ಟೇಕ್ ಅಂತ ಒಂದು ಅಣಬೆ ಇದೆ, ಹಸಿ ಮಾಂಸದ ತುಂಡು ಮರಕ್ಕೆ ಅಂಟಿಸಿದ ಹಾಗೆ ಕೆಂಪಗಿರುತ್ತೆ. ಅದು ಚೇಗನ್ನು ನಿಧಾನವಾಗಿ ಕೊಳೆಸುತ್ತಾ ಹೋಗುತ್ತೆ. ಆ ಕಂದು ಪುಡಿಯಲ್ಲೇ ಕೆಲವು ಜೀರುಂಡೆಗಳ ಮರಿಹುಳು ಬೆಳೆಯೋದು, ಬೇರೆಲ್ಲೂ ಅಲ್ಲ. ಬ್ರಿಟನ್ನಿನಲ್ಲಿ ಓಕ್ ಜೊತೆ ನಂಟಿರುವ ಸುಮಾರು 2,300 ಬಗೆಯ ಜೀವಿಗಳನ್ನು ಲೆಕ್ಕ ಹಾಕಿದ್ದಾರೆ. ಅದರಲ್ಲಿ 326 ಓಕ್ ಬಿಟ್ಟರೆ ಬದುಕೋದೇ ಇಲ್ಲ! ಬಿದ್ದ ಕೊಂಬೆ ಎತ್ತಿ ಸ್ವಚ್ಛ ಮಾಡಿದರೆ ಇವುಗಳ ಮನೆಯನ್ನೇ ಕಿತ್ತುಕೊಂಡ ಹಾಗೆ.

ಕಾಡುಹಾದಿ:
ಇದು ನನಗೆ ಗೊತ್ತೇ ಇರಲಿಲ್ಲ, ತುಂಬಾ ಥ್ಯಾಂಕ್ಸ್. ಹಾಗಾದರೆ ಹೊಸ ಓಕ್ ಯಾರು ನೆಡುತ್ತಾರೆ?

ಮರಕುಟಿಗ:
ಜಾಸ್ತಿ ನೆಡೋದು ಜೇ ಹಕ್ಕಿ. ಚಳಿಗಾಲಕ್ಕೆ ಅಂತ ಓಕ್ ಕಾಯಿಗಳನ್ನು ಸಾವಿರಗಟ್ಟಲೆ ಮಣ್ಣಲ್ಲಿ ಹೂತಿಡುತ್ತೆ, ತಿನ್ನದೆ ಉಳಿದದ್ದು ಮೊಳೆಯುತ್ತೆ. ಆದರೆ ಮೊಳೆತ ಮೇಲೆ ಜಿಂಕೆ ಮೇಯಬಾರದು, ಬ್ರ್ಯಾಕೆನ್ ಜರಿಗಿಡ ಮುಚ್ಚಬಾರದು. ನನಗೆ ಭಯ ಇರೋದು ಇಲ್ಲೇ. ಪೊಟರೆ ಆಗೋಕೆ ನೂರಾರು ವರ್ಷ ಬೇಕು, ಆ ಜೀರುಂಡೆಗಳಲ್ಲಿ ಹೆಚ್ಚಿನವು ದೂರ ಹಾರಲ್ಲ. ಮುದಿ ಮರ ಬೀಳೋ ಹೊತ್ತಿಗೆ ಪಕ್ಕದಲ್ಲೇ ಇನ್ನೊಂದು ತಯಾರಿರಬೇಕು, ಮಧ್ಯವಯಸ್ಸಿನ ಮರಗಳೇ ಎಷ್ಟೋ ಕಾಡಲ್ಲಿ ಕಮ್ಮಿ.

ಕಲ್ಲುಹೂವು:
ಇನ್ನೊಮ್ಮೆ ಹೋದರೆ ಮೇ ತಿಂಗಳಲ್ಲಿ ಹೋಗಿ. ಆಫ್ರಿಕಾದಿಂದ ಬಂದ ರೆಡ್‌ಸ್ಟಾರ್ಟ್ ಹಕ್ಕಿ ಪೊಟರೆಯಲ್ಲಿ ಗೂಡು ಮಾಡಿರುತ್ತೆ. ನಟ್‌ಹ್ಯಾಚ್ ಪೊಟರೆ ಬಾಯಿಗೆ ಕೆಸರು ಮೆತ್ತಿ ತನ್ನ ಮೈಯಷ್ಟೇ ಕಿಂಡಿ ಬಿಟ್ಟುಕೊಳ್ಳುತ್ತೆ. ಕತ್ತಲಾಗೋವರೆಗೂ ಅಲ್ಲೇ ನಿಂತಿರಿ, ಬಾವಲಿಗಳು ಹೊರಡೋದು ಆಗಲೇ.